ಬ್ಯಾಟರಿ ಸಾಕ್ಸ್ ಹಾಕಿಕೊಂಡು ಗೂಬೆ ನೋಡಲು

ವಿಜಯನಗರ

ಫಿನ್‌ಲೆಂಡಿಗೆ ಹೋಗಿಬಂದೆ ಎಂದ ಕೂಡಲೇ ಎಲ್ಲರೂ ಕೇಳುವುದು ಆಕಾಶದಲ್ಲಿ ಕುಣಿಯುವ ಹಸಿರು ಬೆಳಕಿನ ಬಗ್ಗೆ. ಅದನ್ನು ನಾನು ನೋಡಲಿಲ್ಲ. ನಾವಿದ್ದಷ್ಟು ದಿನವೂ ಮೋಡ. ನಾವು ಹೋದದ್ದು ಒಂದು ಗೂಬೆಯನ್ನು ನೋಡಲು. ಅಲ್ಲಿ ನಾನು ಅತಿ ಹೆಚ್ಚು ಹೊತ್ತು ನೋಡಿದ್ದು ನನ್ನ ಕಾಲುಗಳನ್ನು. ಹಾಗಾಗಿ ಈ ಬರಹದಲ್ಲಿ ದೇಶಕ್ಕಿಂತ ಕಾಲಿನ ವಿಷಯ ಜಾಸ್ತಿ ಬರುತ್ತದೆ. ಚಳಿಯ ಕಡೆಗೆ ಹೊರಟವರಿಗೆ ಉಪಯೋಗವಾದರೂ ಆದೀತು.

ಗೂಬೆಯ ಆಸೆ ನನ್ನದಲ್ಲ, ವಿಶಾಲಾಕ್ಷಿ ಮೇಡಂ ಅವರದು. ಬಿ.ಎಸ್ಸಿ.ಯಲ್ಲಿ ನನಗೆ ಪ್ರಾಣಿಶಾಸ್ತ್ರ ಹೇಳಿಕೊಟ್ಟವರು ಅವರು. ನನ್ನಪ್ಪ ಪೀಣ್ಯದಲ್ಲಿ ಲೇತ್ ಮಶೀನಿನ ಮುಂದೆ ನಿಂತು ದುಡಿದವನು. ಲಗ್ಗೆರೆಯ ಒಂದು ಕೋಣೆಯ ಮನೆಯಿಂದ ಹೊರಟು ನಮ್ಮ ವಂಶದಲ್ಲೇ ಮೊದಲು ಡಿಗ್ರಿ ಮಾಡಿದವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸುಲಭಕ್ಕೆ ಸಿಕ್ಕಿದ್ದರೆ ಸಂಕೋಚಪಡುತ್ತಿದ್ದೆ. ಮೊದಲ ವರ್ಷ ಇಂಗ್ಲಿಷ್ ಪಠ್ಯ ಒಂದಕ್ಷರವೂ ತಲೆಗೆ ಹತ್ತದೆ ಲ್ಯಾಬಿನ ಮೂಲೆಯಲ್ಲಿ ಕೂತಿದ್ದಾಗ, ಮೇಡಂ ತಮ್ಮ ಹಕ್ಕಿಗಳ ಪುಸ್ತಕ ತೆರೆದು ಮುಂದಿಟ್ಟು, ಈ ಚಿತ್ರವನ್ನು ಕನ್ನಡದಲ್ಲೇ ವರ್ಣಿಸು ನೋಡೋಣ ಎಂದರು. ಅದು ಉತ್ತರದ ಹಿಮದ ಕಾಡಿನ ದೊಡ್ಡ ಬೂದು ಗೂಬೆ. ಮುಖದ ತುಂಬ ಮರ ಕೊಯ್ದಾಗ ಕಾಣುವಂಥ ಉಂಗುರಗಳು, ನಡುವೆ ಎರಡು ಹಳದಿ ಕಣ್ಣು. ನಾನು ಬರೆದದ್ದನ್ನು ಓದಿ ಮೇಡಂ, 'ನೋಡೋಕೆ ಬರುತ್ತಲ್ಲೇ ನಿಂಗೆ, ಭಾಷೆ ಆಮೇಲೆ ಬರುತ್ತೆ ಬಿಡು' ಎಂದರು.

ಆ ಮಾತಿನ ಮೇಲೆ ನಿಂತು ನಾನು ಓದಿದೆ. ಈಗ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಮೇಡಂ ನಿವೃತ್ತರಾಗಿ ಬಸವೇಶ್ವರನಗರದಲ್ಲಿದ್ದಾರೆ. ಆ ಗೂಬೆಯನ್ನು ಮಾತ್ರ ಅವರು ಮರೆತಿರಲಿಲ್ಲ. ಮಂಡಿ ಆಪರೇಷನ್ ಮಾಡಿಸಲೇಬೇಕೆಂದು ಡಾಕ್ಟರ್ ಹೇಳಿದ ದಿನವೇ ನನಗೆ ಫೋನ್ ಮಾಡಿದರು. 'ಮುಂದಿನ ಚಳಿಗಾಲಕ್ಕೆ ಈ ಮಂಡಿ ನನ್ ಮಾತು ಕೇಳಲ್ಲ ಕಣೇ. ಹೋದ್ರೆ ಈಗ್ಲೇ. ಹಿಮದಲ್ಲಿ ಕೈ ಹಿಡ್ಕೊಳ್ಳೋಕೆ ಒಬ್ರು ಬೇಕು. ಬರ್ತೀಯಾ?'

ಇಲ್ಲ ಎನ್ನುವ ಮಾತೇ ಇರಲಿಲ್ಲ. ಅಮ್ಮ ನಮ್ಮ ಜೊತೆಯಲ್ಲೇ ಇರುವುದು. ಅವಳು ಕೇಳಿ ಬೆರಗಾದಳು. ಗೂಬೆ ಮನೆ ಮುಂದೆ ಕೂತರೆ ಜನ ಓಡಿಸುತ್ತಾರೆ, ನೀವು ವಿಮಾನ ಹತ್ತಿ ಹುಡುಕಿಕೊಂಡು ಹೋಗುತ್ತೀರಾ ಎಂದಳು. ನನ್ನ ಗಂಡ ಉಮೇಶನದು ಒಂದೇ ಮಾತು: 'ಹೋಗ್ಬಾ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಗೂಬೆ ತಂದು ನನ್ ಮೇಲೆ ಕೂರಿಸ್ಬೇಡ, ಅಷ್ಟೇ.'

ಕಷ್ಟ ಇದ್ದದ್ದು ನನ್ನ ಕಾಲಿನಲ್ಲಿ. ಚಳಿ ಸ್ವಲ್ಪ ಜೋರಾದರೆ ನನ್ನ ಕಾಲ್ಬೆರಳು ಸುಣ್ಣ ಬಳಿದಂತೆ ಬಿಳಿಯಾಗುತ್ತವೆ. ಬೆಂಗಳೂರಿನ ಡಿಸೆಂಬರಿಗೇ ಈ ಪಾಡು. ಗೂಬೆ ನೋಡುವುದೆಂದರೆ ಹಿಮದಲ್ಲಿ ಗಂಟೆಗಟ್ಟಲೆ ಅಲ್ಲಾಡದೆ ನಿಲ್ಲುವ ಕೆಲಸ. ನಾವು ಉಳಿದುಕೊಳ್ಳಬೇಕಿದ್ದ ಮನೆಯ ಒಡತಿ, ನಮ್ಮನ್ನು ಬಯಲಿಗೆ ಕರೆದೊಯ್ಯಬೇಕಿದ್ದವರೂ ಅವರೇ, ಮೊದಲೇ ಬರೆದಿದ್ದರು: ಒಬ್ಬರ ಕಾಲು ಮರಗಟ್ಟಿದರೂ ಎಲ್ಲರೂ ವಾಪಸ್, ಈ ವಿಷಯದಲ್ಲಿ ಮಾತುಕತೆ ಇಲ್ಲ. ಅಂದರೆ ಮೇಡಂ ಅವರ ಗೂಬೆ ನನ್ನ ಹತ್ತು ಬೆರಳಿನ ಮೇಲೆ ನಿಂತಿತ್ತು.

ಲಗ್ಗೆರೆ, ಮೈನಸ್ ಹದಿನೆಂಟು

ಬ್ಯಾಟರಿಯಿಂದ ಬಿಸಿಯಾಗುವ ಸಾಕ್ಸ್ ಇದೆ ಎಂದು ಗೊತ್ತಾದಾಗ ಮೊದಲು ನಗು ಬಂತು. ಆಮೇಲೆ ಅದರ ಹಿಂದೆ ಬಿದ್ದೆ. ಒಂದು ವಸ್ತು ಹೇಗೆ ಕೆಲಸ ಮಾಡುತ್ತದೆಂದು ತಿಳಿಯುವವರೆಗೆ ನನಗೆ ನಿದ್ದೆ ಬರುವುದಿಲ್ಲ.

ತತ್ವ ಸರಳ. ಬಟ್ಟೆಯೊಳಗೆ ಕೂದಲೆಳೆಯಂಥ ತಂತಿ, ಮೀನಖಂಡದ ಹತ್ತಿರ ಪುಟ್ಟ ಜೇಬು, ಜೇಬಿನಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಬ್ಯಾಟರಿ. ವ್ಯತ್ಯಾಸವೆಲ್ಲ ತಂತಿ ಎಲ್ಲಿ ಓಡುತ್ತದೆ ಎಂಬುದರಲ್ಲಿದೆ. ಕೆಲವದರಲ್ಲಿ ಅಂಗಾಲಿನ ಕೆಳಗೆ ಮಾತ್ರ. ನಡೆದಂತೆ ಒತ್ತುತ್ತದೆ, ತುಳಿದು ತುಳಿದು ತಂತಿ ಬೇಗ ಹಾಳಾಗುತ್ತದೆ. ನನಗೆ ಚಳಿ ಹಿಡಿಯುವುದು ಬೆರಳ ತುದಿಗೆ, ಆದ್ದರಿಂದ ಬೆರಳುಗಳನ್ನು ಮೇಲೂ ಕೆಳಗೂ ಟೋಪಿಯಂತೆ ಸುತ್ತುವಂಥದ್ದನ್ನು ಹುಡುಕಿದೆ. ಮೊದಲು ತರಿಸಿದ ಜೋಡಿಯನ್ನು ಫೋನಿನಿಂದಲೇ ನಡೆಸಬೇಕಿತ್ತು. ಮೈನಸ್ ಚಳಿಯಲ್ಲಿ ಫೋನೇ ಸತ್ತರೆ ಕಾಲೂ ಸತ್ತಂತೆ ಎಂದು ವಾಪಸ್ ಕಳಿಸಿದೆ. ಎರಡನೆಯದರಲ್ಲಿ ಹತ್ತಿಯೇ ಜಾಸ್ತಿ. ಹತ್ತಿ ಬೆವರನ್ನು ಕುಡಿದು ಇಟ್ಟುಕೊಳ್ಳುತ್ತದೆ, ಒದ್ದೆ ಕಾಲಿಗೆ ಚಳಿ ಬೇಗ. ಕೊನೆಗೆ ಉಳಿದದ್ದು ಉಣ್ಣೆ ಬೆರೆತ, ಮಂಡಿಯ ತನಕ ಬರುವ, ಗುಂಡಿ ಒತ್ತಿದರೆ ನೀಲಿ, ಬಿಳಿ, ಕೆಂಪು ಎಂದು ಮೂರು ಹಂತದ ಬಿಸಿ ತೋರಿಸುವ ಜೋಡಿ. ಉದ್ದ ಇರಲೇಬೇಕು, ಗಿಡ್ಡ ಸಾಕ್ಸನ್ನು ಬ್ಯಾಟರಿಯ ಭಾರ ಕೆಳಕ್ಕೆ ಎಳೆಯುತ್ತದೆ.

ಮೇಡಂ ಅವರಿಗೂ ಒಂದು ಜೋಡಿ ಎಂದುಕೊಂಡಿದ್ದೆ. ಡಾಕ್ಟರ್ ಬೇಡವೆಂದರು. ಅವರಿಗೆ ಸಕ್ಕರೆ ಕಾಯಿಲೆ ಇದೆ, ಪಾದದ ಸ್ಪರ್ಶ ಅಷ್ಟಕ್ಕಷ್ಟೆ. ಸುಟ್ಟರೂ ಗೊತ್ತಾಗದ ಕಾಲಿಗೆ ಬಿಸಿ ಸಾಕ್ಸ್ ಹಾಕಬಾರದು, ಅವರಿಗೆ ದಪ್ಪ ಉಣ್ಣೆಯದೇ ಸರಿ. ನನ್ನ ಬೆರಳು ಬಿಳಿಯಾದರೂ ಸ್ಪರ್ಶ ಚೆನ್ನಾಗಿದೆ ಎಂದು ಪಿನ್ನು ಚುಚ್ಚಿ ನೋಡಿ ಒಪ್ಪಿಗೆ ಕೊಟ್ಟರು.

ಪರೀಕ್ಷೆ ಮಾಡದೆ ಏನನ್ನೂ ನಂಬಬಾರದೆಂದು ಪಾಠ ಹೇಳುವವಳು ನಾನು. ಹಳೆಯ ವಿದ್ಯಾರ್ಥಿ ಮಂಜುನಾಥ ಲಗ್ಗೆರೆಯಲ್ಲಿ ಐಸ್‌ಕ್ರೀಂ ಗೋಡೌನ್ ಇಟ್ಟಿದ್ದಾನೆ. ಅವನ ಕೋಲ್ಡ್ ರೂಮಿನಲ್ಲಿ ಮೈನಸ್ ಹದಿನೆಂಟು. ಕೆಲಸದವರ ಜಾಕೆಟ್ ತೊಟ್ಟು, ಅಲ್ಲಿದ್ದ ದೊಡ್ಡ ಗಂಬೂಟಿನೊಳಗೆ ಬ್ಯಾಟರಿ ಸಾಕ್ಸಿನ ಕಾಲಿಳಿಸಿ, ಕೂರಲು ಒಂದು ಕುರ್ಚಿ ಕೇಳಿದೆ. ಮಂಜುನಾಥ ತಲೆ ಕೆರೆದುಕೊಂಡ. 'ಮೇಡಂ, ಇಲ್ಲಿಂದ ಯಾವಾಗ ಆಚೆ ಹೋಗೋದು ಅಂತ ಹುಡುಗ್ರು ಕಾಯ್ತಾ ಇರ್ತಾರೆ. ನೀವು ಕುರ್ಚಿ ಕೇಳ್ತಾ ಇದೀರ.'

ವೆನಿಲಾ ಡಬ್ಬಗಳ ನಡುವೆ ಕೂತು ಉತ್ತರಪತ್ರಿಕೆ ತಿದ್ದಿದೆ. ಪೆನ್ನಿನ ಶಾಯಿ ಹೆಪ್ಪುಗಟ್ಟಿತು, ಮೂಗು ಮರಗಟ್ಟಿತು, ಕಾಲು ಮಾತ್ರ ಒಲೆಯ ಪಕ್ಕ ಇಟ್ಟಂತಿತ್ತು. ಗೆದ್ದೆ ಎಂದುಕೊಂಡು ಹೊರಬಂದೆ.

ಮೈಸೂರು ರಸ್ತೆಯ ಅಂಗಡಿ

ಇನ್ನು ಬೂಟು. ಚಿಕ್ಕಂದಿನಲ್ಲಿ ನನಗೆ ಸರಿಯಳತೆಯ ಶೂ ಇದ್ದದ್ದೇ ಇಲ್ಲ. ಶಾಲೆ ಶುರುವಾಗುವ ಮುಂಚೆ ಅಮ್ಮ ಅಂಗಡಿಗೆ ಕರೆದೊಯ್ದು, ಶೂ ಹಾಕಿಸಿ, ನನ್ನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಶೂವಿನ ಮೂತಿಯನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದಳು. ಹೆಬ್ಬೆರಳು ಒಳಕ್ಕೆ ಇಳಿಯದಿದ್ದರೆ ಅಂಗಡಿಯವನಿಗೆ ಒಂದೇ ಮಾತು: 'ಬೆಳೆಯೋ ಕಾಲು ಕಣಪ್ಪ, ಇನ್ನೊಂದು ನಂಬರ್ ದೊಡ್ಡದು ಕೊಡು.' ಆ ಶೂ ನನ್ನ ಕಾಲಿಗೆ ಸರಿಹೋಗುವಷ್ಟರಲ್ಲಿ ಅದರ ಅಡಿ ಸವೆದಿರುತ್ತಿತ್ತು. ನಡೆದರೆ ಹಿಮ್ಮಡಿ ಎದ್ದು ಬಿದ್ದು ಸದ್ದು ಮಾಡುತ್ತಿತ್ತು. ಕ್ಲಾಸಿನಲ್ಲಿ ನನ್ನ ಹೆಸರು ಟಪ್ ಟಪ್ ಗಿರಿಜಾ.

ಹಾಗಾಗಿ ಮೈಸೂರು ರಸ್ತೆಯ ಆ ದೊಡ್ಡ ಅಂಗಡಿಯಲ್ಲಿ ಹಿಮದ ಬೂಟು ಹಾಕಿ ನೋಡುವಾಗ ನನಗೆ ಬೇಕಾಗಿದ್ದದ್ದು ಒಂದೇ: ಚರ್ಮದಂತೆ ಕೂರಬೇಕು. ಬ್ಯಾಟರಿ ಸಾಕ್ಸ್ ಹಾಕಿಕೊಂಡೇ ಹೋಗಿದ್ದೆ. ಒಂದು ಜೋಡಿ ಅಚ್ಚು ಹಾಕಿದಂತೆ ಕೂತಿತು. ಅಲ್ಲಿದ್ದ ಹುಡುಗ, ಒಂದು ಸೈಜ್ ಮೇಲಿನದನ್ನೂ ನೋಡುತ್ತೀರಾ ಎಂದ. 'ಬೇಡಪ್ಪ, ಬೆಳೆಯೋ ಕಾಲಲ್ಲ ನಂದು, ಬೆಳೆದ ಕಾಲು' ಎಂದು ನಗುತ್ತಾ ಲೇಸು ಬಿಗಿದೆ. ಕನ್ನಡಿಯ ಮುಂದೆ ನಾಲ್ಕು ಹೆಜ್ಜೆ ಹಾಕಿದೆ. ಟಪ್ ಎನ್ನಲಿಲ್ಲ.

ವಿಮಾನ ನಿಲ್ದಾಣ

ಬ್ಯಾಟರಿಗಳನ್ನು ಸಾಕ್ಸಿನ ಜೊತೆಗೇ ದೊಡ್ಡ ಸೂಟ್‌ಕೇಸಿಗೆ ಹಾಕಿಬಿಟ್ಟಿದ್ದೆ. ಲಿಥಿಯಂ ಬ್ಯಾಟರಿಯನ್ನು ಕೈಚೀಲದಲ್ಲೇ ಒಯ್ಯಬೇಕು. ಆ ನಿಯಮ ಓದಿದ್ದೆ, ಓದಿದ ಮೇಲೂ ಮರೆತಿದ್ದೆ. ನನ್ನನ್ನು ಕರೆದು ಸೂಟ್‌ಕೇಸ್ ಬಿಚ್ಚಿಸಿದರು. ಅಧಿಕಾರಿ ಸಾಕ್ಸನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, ತಂತಿಯನ್ನು ನೋಡಿ, ನನ್ನನ್ನು ನೋಡಿ, 'ಇದೇನ್ ಮೇಡಂ, ಕಾಲಿಗೂ ಚಾರ್ಜಾ?' ಎಂದರು. ಹಿಂದಿದ್ದ ಸಾಲು ನಕ್ಕಿತು. ನಾನು ಅಲ್ಲೇ ನಿಂತು ಅದರ ತತ್ವವನ್ನು ವಿವರಿಸಿದೆ. ಅವರು ಪೂರ್ತಿ ಕೇಳಿದರು. ನಮ್ಮಣ್ಣ ಲಡಾಖಿನಲ್ಲಿದ್ದಾನೆ, ಎಲ್ಲಿ ಸಿಗುತ್ತದೆ ಹೇಳಿ ಎಂದರು. ಮೇಡಂ ಗಡಿಯಾರ ನೋಡುತ್ತಾ, 'ಕ್ಲಾಸ್ ಮುಗೀತಾ ಗಿರಿಜಾ?' ಎಂದರು.

ಐನೋ ಮನೆಯ ಬಾಗಿಲು

ಫಿನ್‌ಲೆಂಡಿನ ಉತ್ತರದ ಆ ಹಳ್ಳಿಯಲ್ಲಿ ಮನೆಯಿಂದ ಮನೆಗೆ ಒಂದು ಬಡಾವಣೆಯಷ್ಟು ದೂರ. ಬಸ್ ನಿಲ್ದಾಣದಲ್ಲಿ ಕಾಯುವವರೂ ಒಬ್ಬರಿಂದ ಒಬ್ಬರು ಮಾರು ದೂರ ನಿಲ್ಲುತ್ತಾರೆ. ವಿಜಯನಗರದ ಬಸ್‌ಸ್ಟ್ಯಾಂಡಿನಲ್ಲಿ ಮುಂದಿರುವವರ ಬೆನ್ನಿಗೆ ಒರಗಿ ನಿಂತು ರೂಢಿಯಾದ ನನಗೆ, ಇವರಿಗೆ ಒಬ್ಬರ ಮೇಲೊಬ್ಬರಿಗೆ ಕೋಪವೇನೋ ಅನ್ನಿಸಿತು. ಕೋಪವಲ್ಲ, ಮರ್ಯಾದೆಯಂತೆ. ಮಾತೂ ಹಾಗೆಯೇ. ನಮ್ಮ ಆತಿಥೇಯೆ ಐನೋ ಅರವತ್ತು ದಾಟಿದ ಎತ್ತರದ ಹೆಂಗಸು, ಇಂಗ್ಲಿಷ್ ಬರುತ್ತದೆ, ಆದರೆ ಅಡುಗೆಗೆ ಉಪ್ಪು ಹಾಕುವಂತೆ ನೋಡಿ ನೋಡಿ ಬಳಸುತ್ತಾರೆ. ನಿಲ್ದಾಣದಿಂದ ಮನೆಯ ತನಕ ಕಾರಿನಲ್ಲಿ ಮೇಡಂ ಒಬ್ಬರೇ ಮಾತನಾಡಿದರು. ತಮ್ಮ ಮಂಡಿ, ನನ್ನ ಕಾಲು, ಆಪರೇಷನ್ ಮಾಡುವ ಡಾಕ್ಟರರ ಊರು, ಎಲ್ಲ ಹೇಳಿ ಮುಗಿಸಿದರು. ಐನೋ ಕೊನೆಗೆ, 'ಸರಿ' ಎಂದರು.

ಬಾಗಿಲಲ್ಲಿ ಮಾತ್ರ ನಾವು ನೆಂಟರಾದೆವು. ಹೊಸ್ತಿಲ ಒಳಗೆ ಚಪ್ಪಲಿ ಬಿಡುವ ಜಾಗ. ಬೂಟು ಬಿಚ್ಚದೆ ಯಾರೂ ಒಳಗೆ ಕಾಲಿಡುವಂತಿಲ್ಲ. ಸಿನಿಮಾ ನೋಡಿ ನೋಡಿ, ಹೊರದೇಶದವರೆಲ್ಲ ಬೂಟು ಹಾಕಿಕೊಂಡೇ ಹಾಸಿಗೆ ಹತ್ತುತ್ತಾರೆ ಎಂದುಕೊಂಡಿದ್ದ ಮೇಡಂ ತಮ್ಮ ಬೂಟನ್ನು ಸಾಲಿನಲ್ಲಿಟ್ಟು, 'ನಮ್ಮೋರೇ ಕಣೇ ಇವ್ರು' ಎಂದರು. ಅಡುಗೆಮನೆಯಿಂದ ಏಲಕ್ಕಿಯ ವಾಸನೆ ಬಂತು. ನಾವಿಬ್ಬರೂ ನಿಂತಲ್ಲೇ ನಿಂತೆವು. ಅಷ್ಟು ದೂರ ಹೋಗಿ ಮೊದಲು ಮೂಗಿಗೆ ಹತ್ತಿದ್ದು ನಮ್ಮ ಹಬ್ಬದ ಅಡುಗೆಮನೆ. ಅಲ್ಲಿಯವರು ಕಾಫಿಯ ಜೊತೆ ತಿನ್ನುವ ಸಿಹಿ ಬನ್ನಿಗೆ ಏಲಕ್ಕಿ ಕುಟ್ಟಿ ಹಾಕುತ್ತಾರೆ. ಏಲಕ್ಕಿ ಎಲ್ಲಿಂದ ಬರುತ್ತದೆ ಗೊತ್ತೇ ಎಂದು ಮೇಡಂ ಕೇಳಿದರು. ಅಂಗಡಿಯಿಂದ, ಎಂದರು ಐನೋ.

ನನ್ನ ಸಾಕ್ಸನ್ನು ಅವರು ಬಹಳ ಹೊತ್ತು ತಿರುಗಿಸಿ ನೋಡಿದರು. ಆ ಊರಿನಲ್ಲಿ ಎಲ್ಲರೂ ತಾವೇ ಹೆಣೆದ ಉಣ್ಣೆ ಸಾಕ್ಸ್ ಹಾಕುತ್ತಾರೆ. ಗುಂಡಿ ಒತ್ತಿ ಕೆಂಪು ದೀಪ ಹತ್ತಿದಾಗ ಐನೋ ಮೊದಲ ಸಲ ನಕ್ಕರು. ಬಿಸಿಯಾದ ಮೂತಿಯನ್ನು ತಮ್ಮ ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದರು.

ಮೊದಲ ದಿನ, ಬಯಲಿನ ಅಂಚು

ನಮಗಿದ್ದದ್ದು ಬಯಲಿನ ಎರಡು ದಿನ. ಬೆಳಕು ಬರುವುದೇ ತಡ, ಹೋಗುವುದು ಬೇಗ. ಐನೋ ಮುಂದೆ ದುರ್ಬೀನು ಮತ್ತು ಫ್ಲಾಸ್ಕಿನ ಚಿಕ್ಕ ಜಾರುಬಂಡಿ ಎಳೆಯುತ್ತಾ ನಡೆದರು, ಹಿಂದೆ ನಾನು ಮೇಡಂ ಅವರ ತೋಳು ಹಿಡಿದು. ಕಾಡು ಮುಗಿದು ಬಯಲು ಶುರುವಾಗುವ ಕಡೆ, ಹಳೆಯ ಬೇಲಿ ಕಂಬಗಳ ಸಾಲು. ಗೂಬೆ ಅಲ್ಲಿಗೆ ಬರುತ್ತದೆ, ಹಗಲಿನಲ್ಲೇ ಬೇಟೆಯಾಡುತ್ತದೆ. ಹಿಮದ ಅಡಿಯಲ್ಲಿ ಇಲಿ ನಡೆದ ಸದ್ದು ಅದಕ್ಕೆ ಮೇಲಿನಿಂದಲೇ ಕೇಳಿಸುತ್ತದೆ. ಆದ್ದರಿಂದ ಮಾತಿಲ್ಲ, ಅಲ್ಲಾಡುವುದಿಲ್ಲ.

ನಾನು ಮನೆಯಿಂದ ಹೊರಡುವಾಗಲೇ ಕೆಂಪು ಒತ್ತಿದ್ದೆ. ಇರುವ ಬಿಸಿಯನ್ನೆಲ್ಲ ತಗೊಂಡುಬಿಡೋಣ ಎಂಬ ಆಸೆ. ನಡೆಯುವಾಗ ಕಾಲು ಬೆವರಿತು. ನಿಂತ ಮೇಲೆ ಸುಖವಾಗಿತ್ತು. ಆಮೇಲೆ ಸುಖ ಕಡಿಮೆಯಾಯಿತು. ಸಾಕ್ಸ್ ಬಿಸಿ ಇದೆಯೆಂದು ಮೀನಖಂಡಕ್ಕೆ ಗೊತ್ತು, ದೀಪವೂ ಉರಿಯುತ್ತಿದೆ, ಬೆರಳುಗಳು ಮಾತ್ರ ಸುದ್ದಿ ಕೊಡುವುದನ್ನು ನಿಲ್ಲಿಸಿದವು. ಐನೋ ಆಗಾಗ ನಮ್ಮ ಕಡೆ ತಿರುಗಿ ಕಣ್ಣಲ್ಲೇ ಕೇಳುತ್ತಿದ್ದರು. ಬೆರಳು ಅಲ್ಲಾಡಿಸಿ ನೋಡಿ ತಲೆಯಾಡಿಸಬೇಕು. ಮೇಡಂ ದುರ್ಬೀನಿಗೆ ಕಣ್ಣಿಟ್ಟು ಪೂಜೆಗೆ ಕೂತವರಂತೆ ನಿಂತಿದ್ದರು. ಐನೋ ಮತ್ತೆ ತಿರುಗಿದಾಗ ನಾನು ಬೆರಳು ಅಲ್ಲಾಡಿಸಲು ನೋಡಿದೆ. ಅಲ್ಲಾಡಲಿಲ್ಲ, ಅಲ್ಲಾಡಲು ಜಾಗವೇ ಇದ್ದಂತಿರಲಿಲ್ಲ. ತಲೆಯಾಡಿಸಿಬಿಡಬಹುದಿತ್ತು. ಆದರೆ ಕಾಲಿನ ವಿಷಯದಲ್ಲಿ ಸುಳ್ಳು ಹೇಳಿದರೆ ಬೆರಳು ಕಳೆದುಕೊಂಡು ಮನೆಗೆ ಹೋಗಬೇಕಾಗುತ್ತದೆ ಎಂದು ಜೀವಶಾಸ್ತ್ರ ಓದಿದವಳಿಗೆ ಗೊತ್ತು.

ಮರಗಟ್ಟಿದೆ ಎನ್ನುವುದಕ್ಕೆ ಇಂಗ್ಲಿಷ್ ಪದ ಆ ಹೊತ್ತಿಗೆ ಬಾಯಿಗೆ ಬರಲಿಲ್ಲ. ನನ್ನ ಬೆರಳು ಮರವಾಗಿದೆ ಎಂದೆ. ಐನೋಗೆ ತಕ್ಷಣ ಅರ್ಥವಾಯಿತು. ಫ್ಲಾಸ್ಕ್ ಮುಚ್ಚಿ ಬಂಡಿ ತಿರುಗಿಸಿದರು.

ವಾಪಸ್ ಬರುವಾಗ ಮೇಡಂ ಎರಡು ಸಲ ತಿರುಗಿ ಬೇಲಿ ಕಂಬಗಳ ಕಡೆ ನೋಡಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬಯಲಿನ ಗೂಬೆ ಎಲ್ಲಿತ್ತೋ ಗೊತ್ತಿಲ್ಲ, ಇನ್ನೊಂದು ಗೂಬೆ ನನ್ನ ಹೆಗಲ ಮೇಲೆ ಕೂತು ಮನೆಯ ತನಕ ಬಂತು.

ಅಡುಗೆಮನೆ

ಮರಗಟ್ಟಿದ ಕಾಲನ್ನು ಒಲೆಯ ಹತ್ತಿರ ಒಯ್ಯಬಾರದು, ಬಿಸಿನೀರಿಗೆ ಇಳಿಸಬಾರದು, ಉಜ್ಜಬಾರದು. ಮೈಯ ಬಿಸಿಯೇ ಮದ್ದು. ಐನೋ ಗಿಡ್ಡ ಸ್ಟೂಲಿನ ಮೇಲೆ ಕೂತು ನನ್ನ ಬಲಗಾಲನ್ನು ಎತ್ತಿ ತಮ್ಮ ಮಡಿಲಿಗೆ ಎಳೆದುಕೊಂಡರು. ನಾನು ಬೆಂಕಿ ಮುಟ್ಟಿದಂತೆ ಹಿಂದಕ್ಕೆ ಎಳೆದುಕೊಂಡೆ. ನಮ್ಮಲ್ಲಿ ಕಿರಿಯರು ಹಿರಿಯರ ಕಾಲು ಮುಟ್ಟುತ್ತಾರೆ. ಉಲ್ಟಾ ಆದರೆ ಪಾಪ ಸುತ್ತಿಕೊಳ್ಳುತ್ತದೆ ಎಂಬ ಭಯ ಡಿಗ್ರಿ ತಗೊಂಡರೆ ಹೋಗುವಂಥದ್ದಲ್ಲ. ಐನೋಗೆ ನಾನು ಎಳೆದದ್ದು ಯಾಕೆಂದು ತಿಳಿಯದೆ ನೋವಾಯಿತೇನೋ ಎಂದು ಗಾಬರಿಯಾಯಿತು. ಆಗ ಮೇಡಂ ಬಂದು ನೆಲದ ಮೇಲೆ, ಆ ಮಂಡಿಯಲ್ಲೇ, ಕಷ್ಟಪಟ್ಟು ಕೂತರು. ನನ್ನ ಎಡಗಾಲನ್ನು ತಮ್ಮ ಸ್ವೆಟರಿನೊಳಗೆ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡರು.

'ಮೇಡಂ, ಬೇಡಿ. ನೀವು ನನ್ ಕಾಲು ಹಿಡೀಬಾರ್ದು.'

'ಸುಮ್ನೆ ಕೂತ್ಕೊಳೇ. ಎಷ್ಟು ಕಪ್ಪೆ ಕಾಲು ಹಿಡಿದಿಲ್ಲ ನಾನು, ನಿಂದೇನು ದೊಡ್ದು.'

ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರು. ಬೆರಳುಗಳಿಗೆ ರಕ್ತ ಮರಳುವಾಗ ಸೂಜಿಯ ಮೇಲೆ ನಡೆದಂತಾಯಿತು, ಅದೂ ಕಾರಣ. ನಾಳೆ ನೀವಿಬ್ಬರೇ ಹೋಗಿ, ನಾನು ಇಲ್ಲೇ ಇರುತ್ತೇನೆ ಎಂದೆ. ಮೇಡಂ ತಲೆಯೆತ್ತಲಿಲ್ಲ. ಬಂಡಿ ಎಳೆಯುವವರು ಐನೋ, ನನ್ನ ತೋಳು ಹಿಡಿಯುವವರು ಯಾರು ಎಂದರು. ನಿಜವೇ. ನಾನಿಲ್ಲದೆ ಅವರು ಆ ಹಿಮದಲ್ಲಿ ಅಂಗಳ ದಾಟುವುದೂ ಕಷ್ಟವಿತ್ತು.

ಕಾಲು ಕೆಂಪಾದ ಮೇಲೆ ನಾವು ಮೂವರೂ ಸಾಕ್ಸನ್ನು ಮೇಜಿನ ಮೇಲಿಟ್ಟು ಲ್ಯಾಬಿನಲ್ಲಿ ಕೂತಂತೆ ಕೂತೆವು. ಬ್ಯಾಟರಿ ಸರಿಯಿದೆ. ತಂತಿ ಸರಿಯಿದೆ, ಒಳಗೆ ಕೈ ಹಾಕಿದರೆ ಬಿಸಿ. ಹಾಗಾದರೆ? ತಿರುವಿ ನೋಡಿದರೆ ಒಳಭಾಗ ತೇವ. ನಡೆಯುವಾಗಲೇ ಬಿಸಿ ಹಾಕಿ ಬೆವರು ಬರಿಸಿಕೊಂಡದ್ದು ಒಂದು ತಪ್ಪು, ಒಪ್ಪಿಕೊಂಡೆ. ಆದರೆ ಲಗ್ಗೆರೆಯಲ್ಲೂ ಕೆಂಪೇ ಒತ್ತಿದ್ದೆನಲ್ಲ, ಅಲ್ಲಿ ಏನೂ ಆಗಲಿಲ್ಲವಲ್ಲ ಎಂದು ನಾನು ಯೋಚಿಸುತ್ತಿದ್ದಾಗ, ಐನೋ ಬಾಗಿಲ ಬಳಿಯಿಂದ ನನ್ನ ಬೂಟು ತಂದರು. ಇನ್ನೊಂದು ಸಲ ಹಾಕಿಕೊಳ್ಳಿ ಎಂದು ಸನ್ನೆ ಮಾಡಿದರು. ಹಾಕಿಕೊಂಡೆ. ಅವರು ನನ್ನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಬೂಟಿನ ಮೂತಿಯನ್ನು ಹೆಬ್ಬೆರಳಿನಿಂದ ಒತ್ತಿದರು.

ಹೆಬ್ಬೆರಳು ಒಳಕ್ಕೆ ಇಳಿಯಲಿಲ್ಲ.

ಐನೋ ತಲೆಯೆತ್ತಿ ನನ್ನ ಮುಖ ನೋಡಿದ ರೀತಿ ಕೂಡ ಅದೇ. ಲಗ್ಗೆರೆ ಮೇನ್ ರೋಡಿನ ಅಂಗಡಿಯ ಬೆಂಚಿನ ಮೇಲೆ ಕೂತ ಹುಡುಗಿಯಾಗಿಬಿಟ್ಟೆ. ಅವರು ಹೇಳಿದ್ದು ಇಷ್ಟೆ: ಬಿಗಿಯಾದ ಬೂಟಿನಲ್ಲಿ ರಕ್ತಕ್ಕೆ ದಾರಿಯಿಲ್ಲ, ಬಿಸಿಗಾಳಿಗೆ ಜಾಗವಿಲ್ಲ. ಬ್ಯಾಟರಿ ಬಿಸಿ ಕೊಟ್ಟರೂ ಆ ಬಿಸಿಯನ್ನು ಹಿಡಿದಿಡಲು ಒಳಗೆ ಏನೂ ಇಲ್ಲ. ಗೋಡೌನಿನ ಗಂಬೂಟಿನಲ್ಲಿ ಇನ್ನೊಂದು ಕಾಲೇ ಹಿಡಿಸುವಷ್ಟು ಜಾಗವಿತ್ತು ಎಂಬುದು ನೆನಪಾಯಿತು. ಪರೀಕ್ಷೆ ಮಾಡಿದ್ದೆ, ಆದರೆ ಸಾಕ್ಸನ್ನು ಮಾತ್ರ. ಬೂಟನ್ನು ಕನ್ನಡಿಯಲ್ಲಿ ನೋಡಿ ತಗೊಂಡಿದ್ದೆ.

ಅಮ್ಮನ ಹೆಬ್ಬೆರಳಿನ ಕಥೆಯನ್ನು ಐನೋಗೆ ಹೇಳಿದೆ. ಬೆಳೆಯುವ ಕಾಲು ಎಂಬ ಮಾತನ್ನು ಇಂಗ್ಲಿಷಿಗೆ ತಂದಾಗ ಅವರು ಎರಡು ಸಲ ಕೇಳಿಸಿಕೊಂಡರು. ಆಮೇಲೆ ಒಳಗೆ ಹೋಗಿ ತಮ್ಮ ಗಂಡನ ಹಳೆಯ ಬೂಟು ತಂದರು. ಆತ ಆ ವಾರ ಕೆಲಸದ ಮೇಲೆ ಬೇರೆ ಊರಿನಲ್ಲಿದ್ದರು. ರಬ್ಬರಿನ ಹೊರಮೈ, ಒಳಗೆ ದಪ್ಪ ಕಂಬಳಿಯಂಥ ಪದರ. ಹಾಕಿ ಎರಡು ಹೆಜ್ಜೆ ನಡೆದೆ. ಟಪ್, ಟಪ್.

ಎರಡನೆಯ ದಿನ

ಈ ಸಲ ನಡೆಯುವಾಗ ಸಾಕ್ಸ್ ಆಫ್. ನಿಂತ ಮೇಲೆ ಒಳಗಿನ ಗಾಳಿ ಸ್ವಲ್ಪ ತಣ್ಣಗಾಗಲು ಬಿಟ್ಟು, ನೀಲಿ ಒತ್ತಿದೆ. ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ, ಹಾಗಾಗಿ ಹೆಚ್ಚಿನ ಜೋಡಿಯನ್ನು ಮೈಯ ಬಿಸಿಯಲ್ಲಿ ಇಟ್ಟುಕೊಳ್ಳಬೇಕು. ಅಮ್ಮ ಬ್ಲೌಸಿನೊಳಗೆ ಪುಟ್ಟ ಪರ್ಸ್ ಇಟ್ಟುಕೊಳ್ಳುವ ಜಾಗದಲ್ಲೇ ನಾನು ಬ್ಯಾಟರಿ ಸಿಕ್ಕಿಸಿಕೊಂಡಿದ್ದೆ. ಅದಕ್ಕಿಂತ ಭದ್ರವಾದ, ಬೆಚ್ಚಗಿನ ಜೇಬು ಯಾವ ಜಾಕೆಟ್ಟಿನಲ್ಲೂ ಇಲ್ಲ.

ಬಯಲು ನಿನ್ನೆಯಂತೆಯೇ ಬಿಳಿ. ಇದು ಕೊನೆಯ ಹಗಲು. ಮರುದಿನ ಬೆಳಿಗ್ಗೆ ನಮ್ಮ ಬಸ್ಸು. ಐನೋ ಕಣ್ಣಲ್ಲಿ ಕೇಳಿದರು, ನಾನು ತಲೆಯಾಡಿಸಿದೆ. ಮತ್ತೆ ಕೇಳಿದರು, ಮತ್ತೆ ತಲೆಯಾಡಿಸಿದೆ. ಬೂಟಿನೊಳಗೆ ಹತ್ತು ಬೆರಳೂ ಹಾರ್ಮೋನಿಯಂ ನುಡಿಸುತ್ತಿದ್ದವು. ನಿಂತೇ ಇದ್ದೆವು. ಬೆಳಕು ಹಳದಿಗೆ ತಿರುಗತೊಡಗಿತು. ಮೇಡಂ ತಮ್ಮ ಭಾರವನ್ನೆಲ್ಲ ನನ್ನ ತೋಳಿನ ಮೇಲೆ ಬಿಟ್ಟಿದ್ದರು. ಕೂರುತ್ತೀರಾ ಎಂದು ಸನ್ನೆ ಮಾಡಿದೆ, ಬೇಡವೆಂದರು.

ಎಡಗಾಲಿನ ದೀಪ ಆರಿತು. ಬ್ಯಾಟರಿ ಬದಲಿಸಲು ನಾನು ಬಗ್ಗಬೇಕೆಂದಿದ್ದೆ. ಅಷ್ಟರಲ್ಲಿ ಐನೋ ಕೈ ನನ್ನ ಭುಜದ ಮೇಲೆ ಬಿತ್ತು.

ಬೇಲಿಯ ಕಂಬದ ಮೇಲೆ ಇನ್ನೊಂದು ಕಂಬ ಬೆಳೆದಂತಿತ್ತು. ಅದು ಯಾವಾಗ ಬಂತೋ, ಯಾರಿಗೂ ರೆಕ್ಕೆಯ ಸದ್ದು ಕೇಳಲಿಲ್ಲ. ಬೂದು ಬಣ್ಣದ ದೊಡ್ಡ ತಲೆ ನಿಧಾನವಾಗಿ ನಮ್ಮ ಕಡೆ ತಿರುಗಿತು. ಉಂಗುರ ಉಂಗುರದ ಮುಖ, ಹಳದಿ ಕಣ್ಣು. ಎಷ್ಟೋ ವರ್ಷದ ಹಿಂದೆ ನಾನು ಕನ್ನಡದಲ್ಲಿ ಬರೆದ ಅದೇ ಮುಖ.

ಸಾಕ್ಸಿನ ಜೇಬು ಅಂಟುಪಟ್ಟಿಯದು, ತೆಗೆದರೆ ಪರ್ರ್ ಎನ್ನುತ್ತದೆ. ಹಿಮದಡಿಯ ಇಲಿಯ ಹೆಜ್ಜೆ ಕೇಳುವ ಕಿವಿಗೆ ಅದು ಪಟಾಕಿ. ಕೈಯನ್ನು ಅಲ್ಲೇ ನಿಲ್ಲಿಸಿದೆ. ಎಡಗಾಲು ತಣ್ಣಗಾಗುತ್ತಾ ಬಂತು, ನಾನು ಬೆರಳು ಆಡಿಸುತ್ತಾ ಹೋದೆ. ಜಾಗವಿತ್ತು. ಆಡುತ್ತಿದ್ದವು. ಐನೋ ಕೇಳಿದಾಗ ತಲೆಯಾಡಿಸಿದೆ, ಅದು ನಿಜವಾಗಿತ್ತು.

ಗೂಬೆ ತಲೆಯನ್ನು ಒಂದು ಕಡೆಗೆ ವಾಲಿಸಿತು. ನೆಲದ ಸದ್ದಿಗೆ ಕಿವಿಗೊಟ್ಟಿತ್ತು. ಆಮೇಲೆ ಕಂಬ ಬಿಟ್ಟು, ಗಾಳಿಯಲ್ಲಿ ಒಂದು ಕ್ಷಣ ತೂಗಿ, ಬಿಳಿಯ ಮೇಲೆ ಮುಖ ಕೆಳಗಾಗಿ ಬಿತ್ತು. ಎದೆಯ ತನಕ ಹಿಮದಲ್ಲಿ ಹೂತು, ರೆಕ್ಕೆ ಹರಡಿ, ನಮ್ಮ ಕಡೆ ನೋಡಿತು. ಎದ್ದಾಗ ಕೊಕ್ಕಿನಲ್ಲಿ ಇಲಿ ಇತ್ತು. ಸದ್ದಿಲ್ಲದೆ ಕಾಡಿನೊಳಗೆ ಹೋಯಿತು.

ಮೇಡಂ ದುರ್ಬೀನು ಎತ್ತಿರಲೇ ಇಲ್ಲ. ಬರಿಗಣ್ಣಿನಲ್ಲೇ ನೋಡಿದ್ದರು. ಹೆಸರಿಗೆ ತಕ್ಕಂಥ ಆ ದೊಡ್ಡ ಕಣ್ಣಿನ ರೆಪ್ಪೆಯಲ್ಲಿ ಹಿಮವೋ ನೀರೋ ಏನೋ ಹೆಪ್ಪುಗಟ್ಟಿತ್ತು. ಪಿಸುದನಿಯಲ್ಲಿ ಕೇಳಿದರು, 'ನಿನ್ ಕಾಲು ಹೇಗಿದೆಯೇ?'

'ಇದೆ ಮೇಡಂ' ಎಂದೆ.

ಮತ್ತೆ ವಿಜಯನಗರ

ಬಂದ ಮರುದಿನ ನಾನು ಏಳುವಷ್ಟರಲ್ಲಿ ಅಮ್ಮ ಬ್ಯಾಟರಿ ಸಾಕ್ಸನ್ನು ಮಹಡಿಯ ಒಗೆಯುವ ಕಲ್ಲಿನ ಮೇಲಿಟ್ಟು ಬ್ರಷ್ ಎತ್ತಿದ್ದಳು. ಓಡಿಹೋಗಿ ಹಿಡಿದೆ. ಬ್ಯಾಟರಿ ತೆಗೆದಿರಬೇಕು, ತಂತಿಯ ತುದಿಗೆ ಮುಚ್ಚಳ ಹಾಕಿರಬೇಕು, ತಣ್ಣೀರಿನಲ್ಲಿ ಸೋಪು ಕಲಸಿ ಅದ್ದಿ ಎತ್ತಬೇಕು, ಹಿಂಡಬಾರದು, ಕುಕ್ಕಬಾರದು, ಹರಡಿ ಒಣಗಿಸಬೇಕು ಎಂದೆ. ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಬೇರೆಯಾಗಿ ಎತ್ತಿಡಬೇಕು, ವರ್ಷಗಟ್ಟಲೆ ಖಾಲಿ ಬಿಟ್ಟರೆ ಸಾಯುತ್ತದೆ ಎಂದೂ ಹೇಳಿದೆ. ಅಮ್ಮ ಬ್ರಷ್ ಕೆಳಗಿಟ್ಟಳು. 'ಬಾಣಂತಿ ಇದ್ದಂಗಿದೆ ನಿನ್ ಸಾಕ್ಸು' ಎಂದಳು.

ಮೇಡಂ ಆಪರೇಷನ್ನಿಗೆ ಸೇರಿದ್ದಾರೆ. ನೋಡಲು ಹೋದಾಗ ನರ್ಸಿಗೆ ಗೂಬೆಯ ಕಥೆ ಹೇಳುತ್ತಿದ್ದರು. ಹಿಮದಲ್ಲಿ ಅದು ರೆಕ್ಕೆ ಹರಡಿದ್ದನ್ನು ತೋರಿಸಲು ಹೋಗಿ ಸಲೈನಿನ ಕೊಳವೆ ಎಳೆದುಕೊಂಡಿದ್ದರು.

ಕೊನೆಗೆ ಉಳಿದದ್ದು ನನ್ನ ಹೊಸ ಬೂಟು. ಪೇಪರಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಲು ಹೊರಟಿದ್ದೆ. ಅಮ್ಮ ಕೈಗೆ ತಗೊಂಡಳು, ತಿರುಗಿಸಿ ನೋಡಿದಳು, ಹಾಕ್ಕೊ ನೋಡೋಣ ಎಂದಳು. ಕುರ್ಚಿಯಲ್ಲಿ ಕೂತು ಹಾಕಿಕೊಂಡೆ. ಈಗ ಅವಳಿಗೆ ಕುಕ್ಕರುಗಾಲಿನಲ್ಲಿ ಕೂರಲಾಗುವುದಿಲ್ಲ. ಬಗ್ಗಿ, ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದರ ಹೆಬ್ಬೆರಳಿನಿಂದ ಮೂತಿ ಒತ್ತಿದಳು.

'ಒಂದು ನಂಬರ್ ದೊಡ್ಡದು ತಗೋಬಾರ್ದಾಗಿತ್ತಾ? ಬೆಳೆಯೋ ಕಾಲು.'

'ನಂಗೆ ಐವತ್ತು ಹತ್ರ ಬಂತು ಕಣಮ್ಮ. ಇನ್ನೇನು ಬೆಳೆಯುತ್ತೆ?'

'ಹೋದ ವರ್ಷ ಈ ದೇಶಕ್ಕೆ ಹೋಗ್ತೀನಿ ಅಂತ ಗೊತ್ತಿತ್ತಾ ನಿಂಗೆ?'

ಇಲ್ಲ ಎಂದೆ.

'ಮತ್ತೆ' ಎಂದಳು ಅಮ್ಮ, ಹೆಬ್ಬೆರಳನ್ನು ಇನ್ನೊಮ್ಮೆ ಒತ್ತಿ ನೋಡುತ್ತಾ.